ಸೈಕಲ್ ಹ್ಯಾಂಡಲ್ ಮೇಲೆ ನಕ್ಷೆ ಬೇಕೆ?



ದೂರ ಸೈಕಲ್ ತುಳಿಯುವವರು ಇತ್ತೀಚೆಗೆ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ. ಹ್ಯಾಂಡಲ್ಲಿಗೆ ಸಿಕ್ಕಿಸುವ ಜಿಪಿಎಸ್ ಕಂಪ್ಯೂಟರ್ ಕೊಳ್ಳುವಾಗ ಒಳಗೆ ನಕ್ಷೆ ಇರುವುದನ್ನೇ ಕೊಳ್ಳಬೇಕೆ, ಇಲ್ಲದ್ದಾದರೆ ಸಾಲದೆ? ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲಿ ಕೇಳಿಬರುತ್ತಿದ್ದ ಈ ಮಾತು ಈಗ ತುಮಕೂರಿಗೂ ಬಂದಿದೆ. ಇಲ್ಲಿ ನಾನಿರುವ ಉಪ್ಪಾರಹಳ್ಳಿಯ ಮೇಲ್ಸೇತುವೆಯನ್ನು ಬೆಳಗಿನ ಹೊತ್ತು ಏರಿ ಇಳಿಯುವ ಸೈಕಲ್ಲುಗಳಲ್ಲಿ ಕಾಲೇಜು ಹುಡುಗರದೂ ಇವೆ, ಕೆಲಸಕ್ಕೆ ಹೋಗುವವರದೂ ಇವೆ. ಹೆಲ್ಮೆಟ್ ತೊಟ್ಟು ಗುಬ್ಬಿಗೋ ಕುಣಿಗಲ್ಲಿಗೋ ದೇವರಾಯನದುರ್ಗಕ್ಕೋ ಹೊರಟವರ ತೆಳು ಚಕ್ರದ ಸೈಕಲ್ಲುಗಳೂ ಇವೆ. ಅವರಲ್ಲಿ ಕೆಲವರ ಕಣ್ಣ ಮುಂದೆ ಅಂಗೈಗಿಂತ ಚಿಕ್ಕದೊಂದು ಪರದೆ ಇರುತ್ತದೆ. ನಕ್ಷೆ ಇರುವ ಉಪಕರಣಕ್ಕೆ ಇಲ್ಲದ್ದರ ಎರಡು-ಮೂರು ಪಟ್ಟು ಹಣ ಕೊಡಬೇಕು. ಆ ಹಣಕ್ಕೆ ಶಾಲೆ ಮಕ್ಕಳ ಸೈಕಲ್ಲು ಒಂದಕ್ಕಿಂತ ಹೆಚ್ಚೇ ಬರುತ್ತವೆ. ಆದ್ದರಿಂದ ಯೋಚಿಸಿ ಉತ್ತರ ಕೊಡಬೇಕಾದ ಪ್ರಶ್ನೆ ಇದು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ತಾಲ್ಲೂಕಿನಲ್ಲಿ, ಹಗಲಿನಲ್ಲಿ ತುಳಿಯುವವರಿಗೆ ಹ್ಯಾಂಡಲ್ ಮೇಲೆ ನಕ್ಷೆ ಬೇಕಿಲ್ಲ. ರಾತ್ರಿ, ಒಂಟಿಯಾಗಿ, ಗೊತ್ತಿಲ್ಲದ ಸೀಮೆಯಲ್ಲಿ ತುಳಿಯುವವರಿಗೆ ಬೇಕು. ಆದರೆ ಇಬ್ಬರಿಗೂ ಸಲ್ಲುವ ಇನ್ನೊಂದು ಮಾತಿದೆ. ಆ ಪರದೆಯ ಮೇಲಿನ ನಕ್ಷೆ ನಂಬಿಕೆಗೆ ತಕ್ಕದ್ದಾಗುವುದು ಆಯಾ ಊರಿನವರು ಅದನ್ನು ತಿದ್ದಿದಾಗ ಮಾತ್ರ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಆ ಕೆಲಸ ಇನ್ನೂ ಬಹಳ ಬಾಕಿ ಇದೆ. ಇವತ್ತಿನ ಮಾತಿನ ಸಾರ ಇಷ್ಟು. ಈಗ ಕಾರಣಗಳನ್ನು ಹೇಳುತ್ತೇನೆ.

ಮೊದಲು ಈ ಉಪಕರಣ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಹಳೆಯ ಸೈಕಲ್ ಮೀಟರು ಬಲು ಸರಳವಾದದ್ದು. ಮುಂದಿನ ಚಕ್ರದ ಕಡ್ಡಿಗೆ ಒಂದು ಪುಟ್ಟ ಅಯಸ್ಕಾಂತ, ಫೋರ್ಕಿಗೆ ಒಂದು ಸೆನ್ಸರ್. ಅಯಸ್ಕಾಂತ ಒಮ್ಮೆ ಹಾದರೆ ಚಕ್ರ ಒಂದು ಸುತ್ತು ಉರುಳಿತು ಎಂದು ಲೆಕ್ಕ. ಚಕ್ರದ ಸುತ್ತಳತೆ ಸುಮಾರು 2,100 ಮಿಲಿಮೀಟರ್ ಎಂದು ತುಂಬಿಸಿಟ್ಟರೆ ದೂರ, ವೇಗ ಎರಡೂ ಬರುತ್ತವೆ. ಎಷ್ಟು ದೂರ ಬಂದಿರಿ ಎಂದು ಅದು ಕರಾರುವಾಕ್ಕಾಗಿ ಹೇಳುತ್ತದೆ. ಎಲ್ಲಿದ್ದೀರಿ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಆ ಉತ್ತರ ಕೊಡುವುದು ಜಿಪಿಎಸ್. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಮೂವತ್ತರಷ್ಟು ಅಮೆರಿಕನ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಈಗ ಗಂಟೆ ಎಷ್ಟು, ನಾನೆಲ್ಲಿದ್ದೇನೆ ಎಂದು ಪ್ರತಿ ಉಪಗ್ರಹವೂ ಬಿಡದೆ ಸಾರುತ್ತಿರುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ ನಿಮ್ಮ ಉಪಕರಣ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಗಡಿಯಾರ ತಪ್ಪಿದರೂ ಲೆಕ್ಕದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಹೀಗೆ ದಾರಿ ತೋರಿಸುವ ಈ ವಿದ್ಯೆಯ ಬೇರು ಗಡಿಯಾರದಲ್ಲಿದೆ. ಎಚ್‌ಎಂಟಿ ಕೈಗಡಿಯಾರ ತಯಾರಾಗುತ್ತಿದ್ದ ತುಮಕೂರಿನವರಿಗೆ ಇದು ಪರಕೀಯ ಸಂಗತಿಯಾಗಬೇಕಿಲ್ಲ. ಆ ಕಾರ್ಖಾನೆ ಮುಚ್ಚಿ, ಅದರ ಜಾಗ ಈಗ ಇಸ್ರೋ ಕೈಸೇರಿದೆ. ಜಿಪಿಎಸ್ ಥರದ್ದೇ, ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯನ್ನು ಇಸ್ರೋ ಕಟ್ಟಿದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಈ ವ್ಯವಸ್ಥೆಯ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ, ಉಪಗ್ರಹಗಳ ನಿಯಂತ್ರಣ ನಡೆಯುವುದು ಹಾಸನದಲ್ಲಿ.

2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ಜನಬಳಕೆಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. ಸುಮಾರು 100 ಮೀಟರ್‌ವರೆಗೆ ತಪ್ಪು ಬರುತ್ತಿತ್ತು. ಹೆದ್ದಾರಿ ಯಾವುದು, ಪಕ್ಕದ ಸರ್ವಿಸ್ ರಸ್ತೆ ಯಾವುದು ಎಂದು ಹೇಳಲಾಗದಷ್ಟು ತಪ್ಪು ಅದು. ಆ ಮಸುಕನ್ನು ತೆಗೆದ ಮೇಲೆಯೇ ಸೈಕಲ್ಲಿನವರಿಗೆ ಈ ವಿದ್ಯೆ ಉಪಯೋಗಕ್ಕೆ ಬಂದದ್ದು.

ಇಲ್ಲಿ ಒಂದು ಸಂಗತಿಯನ್ನು ಬಹಳ ಜನ ಬೆರೆಸಿಕೊಳ್ಳುತ್ತಾರೆ. ಉಪಗ್ರಹಕ್ಕೆ ಗುಬ್ಬಿ ಗೊತ್ತಿಲ್ಲ, ಕುಣಿಗಲ್ ಗೊತ್ತಿಲ್ಲ, ಯಾವ ರಸ್ತೆಯೂ ಗೊತ್ತಿಲ್ಲ. ಅದರಿಂದ ನಮಗೆ ಸಿಗುವುದು ಅಕ್ಷಾಂಶ, ರೇಖಾಂಶದ ಎರಡು ಅಂಕಿ, ಅಷ್ಟೇ. ಆ ಅಂಕಿಯ ಅಡಿಯಲ್ಲಿ ರಸ್ತೆ ಇದೆಯೋ ಕೆರೆ ಇದೆಯೋ ಎಂದು ಹೇಳುವುದು ಬೇರೆ ಯಾರೋ ಬರೆದು ಉಪಕರಣದ ನೆನಪಿನಲ್ಲಿ ತುಂಬಿಸಿಟ್ಟ ನಕ್ಷೆ. ಆಕಾಶದಿಂದ ಬರುವ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತಪ್ಪುವುದು ನೆಲದ ಮೇಲಿನ ಮಾಹಿತಿ.

ನಕ್ಷೆ ಇಲ್ಲದ ಜಿಪಿಎಸ್ ಕಂಪ್ಯೂಟರಿನಲ್ಲೂ ದಾರಿ ಹಿಡಿಯಬಹುದು. ಮನೆಯಲ್ಲಿ ಕೂತು ರೂಟ್ ಹಾಕಿಕೊಂಡು ಅದನ್ನು ಉಪಕರಣಕ್ಕೆ ಇಳಿಸಿದರೆ, ಖಾಲಿ ಪರದೆಯ ಮೇಲೆ ಒಂದು ಗೆರೆ ಕಾಣುತ್ತದೆ. ಗೆರೆಯ ಮೇಲೆ ನಿಮ್ಮ ಗುರುತು ಚಲಿಸುತ್ತದೆ. ಗೆರೆ ಬಿಟ್ಟರೆ ಕೂಗುತ್ತದೆ. ಬಹುಪಾಲು ಸವಾರಿಗೆ ಇದು ಸಾಕು. ಎಲ್ಲಿ ಸಾಲದು ಎನ್ನುವುದನ್ನು ನಮ್ಮ ನೆಲದ ಮೇಲೆಯೇ ನೋಡೋಣ. ಉಪ್ಪಾರಹಳ್ಳಿಯಿಂದ ಗುಬ್ಬಿಗೆ, ಗುಬ್ಬಿಯಿಂದ ಕುಣಿಗಲ್ಲಿಗೆ, ಕುಣಿಗಲ್ಲಿನಿಂದ ವಾಪಸ್ ತುಮಕೂರಿಗೆ ಒಂದು ತ್ರಿಕೋನ ಬರೆಯಿರಿ. ಸೈಕಲ್ಲಿನವರಿಗೆ ಚಳಿಗಾಲದಲ್ಲಿ ಒಂದು ದಿನದ ಒಳ್ಳೆಯ ಸವಾರಿ ಅದು.

ಮೊದಲ ಬದಿ, ತುಮಕೂರಿನಿಂದ ಗುಬ್ಬಿ. 20 ಕಿಲೋಮೀಟರ್ ಆಸುಪಾಸು. ರಾಷ್ಟ್ರೀಯ ಹೆದ್ದಾರಿ 73. ಹೆಗ್ಗೆರೆ, ಮಲ್ಲಸಂದ್ರ ದಾಟಿ ಹೋದರೆ ಗುಬ್ಬಿ ಬಂತು. ರೈಲು ಹಳಿಯೂ ಹೆಚ್ಚುಕಡಿಮೆ ಜೊತೆಯಲ್ಲೇ ಸಾಗುತ್ತದೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಹೆಸರಿನಿಂದ ನಾಡಿಗೆಲ್ಲ ಗೊತ್ತಾದ ಆ ಊರನ್ನು ಸೇರಲು ಯಾವ ಪರದೆಯೂ ಬೇಡ.

ಮೂರನೇ ಬದಿಯನ್ನು ಈಗಲೇ ಹೇಳಿಬಿಡುತ್ತೇನೆ. ಕುಣಿಗಲ್ಲಿನಿಂದ ತುಮಕೂರಿಗೆ 36 ಕಿಲೋಮೀಟರ್ ಸುಮಾರು. ಮಳವಳ್ಳಿಯಿಂದ ಪಾವಗಡಕ್ಕೆ ಹೋಗುವ ರಾಜ್ಯ ಹೆದ್ದಾರಿ 33ರ ಭಾಗ ಇದು. ಹೆಬ್ಬೂರು, ಹೊನ್ನುಡಿಕೆ ಹ್ಯಾಂಡ್‌ಪೋಸ್ಟ್, ಗಣೇಶನಿಗೆ ಹೆಸರಾದ ಗೂಳೂರು, ಅದರ ಹತ್ತಿರವೇ ಚೆನ್ನಕೇಶವನ ಗುಡಿ ಇರುವ ಕೈದಾಳ. ಇಲ್ಲಿಯೂ ನಕ್ಷೆ ಬೇಡ. ರಸ್ತೆಬದಿಯ ಕಿಲೋಮೀಟರ್ ಕಲ್ಲು ನೋಡಿಕೊಂಡರೆ ಸಾಕು. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ಇದನ್ನು ಪ್ರತಿ ಶಾಲೆಯ ಮಗುವಿಗೂ ಕಲಿಸಬೇಕು. ಬ್ಯಾಟರಿ ಬೇಡದ ದಾರಿಸೂಚಿ ಇದು.

ಕಷ್ಟ ಇರುವುದು ಎರಡನೇ ಬದಿಯಲ್ಲಿ, ಗುಬ್ಬಿಯಿಂದ ಕುಣಿಗಲ್ಲಿಗೆ. ನೇರ ಗೆರೆ ಎಳೆದರೆ 34 ಕಿಲೋಮೀಟರ್ ಇರಬಹುದು. ರಸ್ತೆಯಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು. ಕಡಬ, ಕಲ್ಲೂರು, ಚಂದ್ರಶೇಖರಪುರ ಅಂದರೆ ನಾವು ಸಿ.ಎಸ್.ಪುರ ಎನ್ನುವ ಊರು, ಇವುಗಳ ನಡುವೆ ತೆಂಗು ಅಡಿಕೆ ತೋಟಗಳು, ಕೆರೆಗಳು, ಹೇಮಾವತಿ ನಾಲೆ. ದೇವರಾಯನದುರ್ಗದಲ್ಲಿ ಹುಟ್ಟಿ ಮಾರ್ಕೋನಹಳ್ಳಿ ಅಣೆಕಟ್ಟಿನತ್ತ ಸಾಗುವ ಶಿಂಷಾ ನದಿ ಈ ಸೀಮೆಯಲ್ಲೇ ಹರಿಯುತ್ತದೆ. ಹೊಳೆಯನ್ನಾಗಲಿ ನಾಲೆಯನ್ನಾಗಲಿ ಸೇತುವೆ ಇದ್ದಲ್ಲೇ ದಾಟಬೇಕು. ಕೂಡುರಸ್ತೆಗಳಲ್ಲಿ ಒಂದು ಕವಲು ಊರಿಗೆ ಹೋಗುತ್ತದೆ, ಇನ್ನೊಂದು ತೋಟದೊಳಕ್ಕೆ ಹೋಗಿ ಪಂಪ್‌ಸೆಟ್ ಮನೆಯ ಮುಂದೆ ನಿಲ್ಲುತ್ತದೆ. ಎರಡೂ ಮೊದಲ ನೋಟಕ್ಕೆ ಒಂದೇ ಥರ ಇರುತ್ತವೆ.

ಇಲ್ಲಿ ಬರಿಯ ಗೆರೆಗೂ ನಕ್ಷೆಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಒತ್ತೊತ್ತಾಗಿ ಎರಡು ಕವಲು ಒಡೆದಲ್ಲಿ, ಗೆರೆ ಮಾತ್ರ ತೋರಿಸುವ ಉಪಕರಣ ನೀವು ತಪ್ಪು ಕವಲು ಹಿಡಿದು ಒಂದಷ್ಟು ದೂರ ಹೋದ ಮೇಲೆ ಕೂಗುತ್ತದೆ. ನಕ್ಷೆಯಾದರೆ ಕವಲು ಬರುವ ಮೊದಲೇ ಎರಡನ್ನೂ ತೋರಿಸುತ್ತದೆ. ಇದು ಸಣ್ಣ ಲಾಭ. ದೊಡ್ಡ ಲಾಭ ದಾರಿ ಮುಚ್ಚಿದಾಗ. ಸೇತುವೆ ಕೆಲಸ ನಡೆಯುತ್ತಿದೆ, ಮೋರಿ ಕೊಚ್ಚಿಹೋಗಿದೆ, ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರಿಯುತ್ತಿದೆ ಅನ್ನಿ. ಗೆರೆಯ ಉಪಕರಣಕ್ಕೆ ಆ ಒಂದು ದಾರಿ ಬಿಟ್ಟು ಬೇರೆ ಗೊತ್ತಿಲ್ಲ. ನಕ್ಷೆಯಲ್ಲಿ ಸುತ್ತಲಿನ ರಸ್ತೆಗಳೆಲ್ಲ ಇರುವುದರಿಂದ ಬಳಸುದಾರಿ ಹುಡುಕಬಹುದು. ನಕ್ಷೆಗೆ ಕೊಡುವ ಹೆಚ್ಚುವರಿ ಹಣ ಈ ಒಂದು ಘಳಿಗೆಗಾಗಿ ಕೊಡುವ ಹಣ.

ಆದರೆ ಆ ಘಳಿಗೆಯಲ್ಲಿ ನಕ್ಷೆ ಸುಳ್ಳು ಹೇಳಿದರೆ? ನಕ್ಷೆಗಳು ತಪ್ಪುವುದು ಹೊಸ ಸಂಗತಿಯಲ್ಲ. ಭಾರತ ಸರ್ವೇಕ್ಷಣ ಇಲಾಖೆಯ ಹಳೆಯ ಭೂಪಟಗಳಲ್ಲಿ ದೇಶವನ್ನು ಅಕ್ಷಾಂಶ, ರೇಖಾಂಶದ ಚೌಕಗಳಾಗಿ ಹಂಚಿ ಅಂಕಿ ಕೊಟ್ಟಿದ್ದರು. ತುಮಕೂರು ನಗರ, ಕುಣಿಗಲ್ ಪಟ್ಟಣ 57 ಜಿ ಹಾಳೆಗೆ ಸೇರುತ್ತವೆ, ಗುಬ್ಬಿ 57 ಸಿ ಹಾಳೆಗೆ. 77 ಡಿಗ್ರಿ ಪೂರ್ವ ರೇಖಾಂಶ ತುಮಕೂರಿಗೂ ಗುಬ್ಬಿಗೂ ನಡುವೆ ಹಾದುಹೋಗುವುದೇ ಕಾರಣ. ಕುಣಿಗಲ್ಲಿನಿಂದ ಒಂದಿಷ್ಟು ದಕ್ಷಿಣಕ್ಕೆ ಬಂದರೆ 13 ಡಿಗ್ರಿ ಅಕ್ಷಾಂಶ ದಾಟಿ 57 ಎಚ್ ಹಾಳೆ. ಮನೆ ಮುಂದಿನ ತ್ರಿಕೋನ ಸುತ್ತಲು ಒಂದಕ್ಕಿಂತ ಹೆಚ್ಚು ಹಾಳೆ ಬೇಕಾಗುತ್ತಿತ್ತು. ಹಾಳೆ ಕೈಗೆ ಬರುವ ಹೊತ್ತಿಗೆ ಅದು ಅಚ್ಚಾಗಿ ಎಷ್ಟೋ ವರ್ಷವಾಗಿ, ನೆಲ ಬದಲಾಗಿರುತ್ತಿತ್ತು.

ರಸ್ತೆಯ ಅಂಕಿಗಳನ್ನೇ ನೋಡಿ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟರು. ಅದಕ್ಕೆ ಮೊದಲು 48 ಎಂದರೆ ನೆಲಮಂಗಲದಿಂದ ಕುಣಿಗಲ್, ಹಾಸನದ ಮೇಲೆ ಮಂಗಳೂರಿಗೆ ಹೋಗುವ ರಸ್ತೆ. ಅದು ಈಗ 75. ತುಮಕೂರಿನ ಮೇಲೆ ಹೋಗುವ ಪುಣೆ ರಸ್ತೆ ಆಗ 4, ಈಗ 48. ಗುಬ್ಬಿ ರಸ್ತೆ ಆಗ 206, ಈಗ 73. ಹಳೆಯ ನಕ್ಷೆ ಹಿಡಿದು 48ರಲ್ಲಿ ಹೊರಟವನು ಕುಣಿಗಲ್ಲಿಗೆ ಹೋಗುತ್ತಾನೆ, ಹೊಸ ನಕ್ಷೆ ಹಿಡಿದವನು ತುಮಕೂರಿಗೆ ಬರುತ್ತಾನೆ. ಊರ ಹೆಸರಿನಲ್ಲೂ ಗೊಂದಲ ಇದ್ದದ್ದೇ. ಉಪ್ಪಾರಹಳ್ಳಿ ಎಂಬ ಹೆಸರಿನ ಊರು ಕರ್ನಾಟಕದಲ್ಲಿ ಹಲವು ಇವೆ. ಉಪಕರಣದಲ್ಲಿ ಬರಿಯ ಹೆಸರು ಒತ್ತಿ ಹೊರಟರೆ ಯಾವ ಉಪ್ಪಾರಹಳ್ಳಿ ಎಂದು ಅದು ಹೇಗೆ ತಿಳಿಯಬೇಕು?

ಇನ್ನು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಸರ್ವೆ ನಂಬರು, ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲ ಅದರಲ್ಲಿವೆ. ನಕಾಶೆ ಕಂಡ ದಾರಿ ಎಂದು ರೈತರು ತಹಶೀಲ್ದಾರರ ಕಚೇರಿಯಲ್ಲಿ ವಾದಿಸುವುದು ಇದನ್ನಿಟ್ಟುಕೊಂಡೇ. ಈಗ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಆದರೆ ನಕಾಶೆಯಲ್ಲಿ ಕಂಡ ದಾರಿ ಎಷ್ಟೋ ಕಡೆ ನೆಲದ ಮೇಲೆ ಇಲ್ಲ. ಒತ್ತುವರಿಯಾಗಿದೆ, ಬೇಲಿ ಬಿದ್ದಿದೆ, ತೋಟವಾಗಿದೆ. ನೆಲದ ಮೇಲೆ ಜನ ದಿನಾ ಓಡಾಡುವ ದಾರಿ ಎಷ್ಟೋ ಕಡೆ ನಕಾಶೆಯಲ್ಲಿ ಇಲ್ಲ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೈಕಲ್ ಕಂಪ್ಯೂಟರುಗಳ ನಕ್ಷೆ ಬರುವುದು ಎಲ್ಲಿಂದ? ಗಾರ್ಮಿನ್, ವಾಹೂ ಮುಂತಾದ ಕಂಪನಿಗಳ ಸೈಕಲ್ ನಕ್ಷೆಗೆ ಆಧಾರ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಸ್ಟೀವ್ ಕೋಸ್ಟ್ ಎಂಬುವರು ಇಂಗ್ಲೆಂಡಿನಲ್ಲಿ ಇದನ್ನು ಶುರು ಮಾಡಿದರು. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಿದ್ದಬಹುದು, ಹಣ ಕೊಡಬೇಕಿಲ್ಲ. ಯುರೋಪಿನಲ್ಲಿ ಸೈಕಲ್ಲಿನವರೇ ರಸ್ತೆ ರಸ್ತೆ ಸುತ್ತಿ ಇದನ್ನು ತುಂಬಿಸಿದರು. ಅಲ್ಲಿ ನಕ್ಷೆಯ ಉಪಕರಣ ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದು ಮುಖ್ಯ ಕಾರಣ. ನಮ್ಮ ಕಡೆಯ ಹಳ್ಳಿ ರಸ್ತೆಗಳನ್ನು ಬಹುಮಟ್ಟಿಗೆ ಎಲ್ಲೋ ಕೂತವರು ಉಪಗ್ರಹದ ಚಿತ್ರ ನೋಡಿ ಬರೆದಿದ್ದಾರೆ. ಅವರ ಶ್ರಮಕ್ಕೆ ನಾವು ಋಣಿಗಳು. ಆದರೆ ಬೇಸಿಗೆಯ ಚಿತ್ರದಲ್ಲಿ ಬತ್ತಿದ ಕೆರೆಯಂಗಳದ ಮೇಲೆ ಎತ್ತಿನಗಾಡಿಯ ಜಾಡು ಕಂಡರೆ ಅದು ನಕ್ಷೆಯಲ್ಲಿ ರಸ್ತೆಯಾಗಿಬಿಡುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀರು. ನಾಲೆ ಏರಿಯ ಮೇಲಿನ ದಾರಿ ರಸ್ತೆಯಂತೆ ಕಾಣುತ್ತದೆ. ಸೈಕಲ್ ಎತ್ತಿಕೊಂಡು ದಾಟಬೇಕಾದ ತಡೆ ಅಲ್ಲಿರುವುದು ಮೇಲಿನಿಂದ ಕಾಣುವುದಿಲ್ಲ.

ಇದರ ಜೊತೆಗೆ ನಮ್ಮ ಸೀಮೆ ವೇಗವಾಗಿ ಬದಲಾಗುತ್ತಿದೆ. ತುಮಕೂರು–ರಾಯದುರ್ಗ, ತುಮಕೂರು–ದಾವಣಗೆರೆ ರೈಲು ಮಾರ್ಗಗಳ ಕೆಲಸ ಹಿಡಿದ ಮೇಲೆ ಹಳೆಯ ಬಂಡಿದಾರಿಗಳನ್ನು ಹೊಸ ದಿಬ್ಬಗಳು ಕತ್ತರಿಸುತ್ತಿವೆ. ರೈಲ್ವೆ ಗೇಟು ಇದ್ದಲ್ಲಿ ಕೆಳಸೇತುವೆ ಬರುತ್ತಿದೆ. ನಕ್ಷೆಯಲ್ಲಿ ಅದು ರಸ್ತೆ, ನಿಜ. ಜೋರು ಮಳೆ ಬಂದ ದಿನ ಅದರಲ್ಲಿ ಮೊಣಕಾಲುದ್ದ ನೀರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಾವಲು ಎಂದರೆ ಬಯಲು ಎಂದುಕೊಂಡು ಹಳೆಯ ನಕ್ಷೆಯಲ್ಲಿ ಅಡ್ಡದಾರಿ ಹುಡುಕಿದರೆ ಎದುರಿಗೆ ಬೇಲಿ ಸಿಗುತ್ತದೆ. ಉಪಕರಣದೊಳಗಿನ ನಕ್ಷೆಯನ್ನು ನೀವಾಗಿ ಹೊಸದು ಮಾಡಿಕೊಳ್ಳದಿದ್ದರೆ ಅದು ಕೊಂಡ ದಿನದಲ್ಲೇ ನಿಂತಿರುತ್ತದೆ.

ಈಗ ಹ್ಯಾಂಡಲ್ ಮೇಲೆ ನಕ್ಷೆ ಯಾರಿಗೆ ಬೇಕು ಎಂಬುದಕ್ಕೆ ಬರುತ್ತೇನೆ.

ಬ್ರೆವೆ ಎಂಬ ದೂರದ ಸವಾರಿಗಳು ಫ್ರಾನ್ಸಿನಲ್ಲಿ ಹುಟ್ಟಿ ನಮ್ಮಲ್ಲಿಗೂ ಬಂದಿವೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸಬೇಕು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 1,200 ಕಿಲೋಮೀಟರಿನದು, ಗಡುವು 90 ಗಂಟೆ. ಬೆಂಗಳೂರಿನಿಂದ ಹೊರಡುವ ಬ್ರೆವೆಗಳಲ್ಲಿ ಕೆಲವು ನಮ್ಮ ಜಿಲ್ಲೆಯ ರಸ್ತೆಗಳಲ್ಲೇ ಸಾಗುತ್ತವೆ. ಮೊದಲೆಲ್ಲ ಸವಾರರು ತಿರುವುಗಳ ಪಟ್ಟಿ ಬರೆದ ಚೀಟಿಯನ್ನೇ ನೆಚ್ಚಿಕೊಂಡಿರುತ್ತಿದ್ದರು. 600 ಕಿಲೋಮೀಟರ್ ತುಳಿಯುವವರು ಒಂದು ರಾತ್ರಿಯನ್ನಾದರೂ ರಸ್ತೆಯಲ್ಲಿ ಕಳೆಯಲೇಬೇಕು. ನಡುರಾತ್ರಿ ಎರಡು ಗಂಟೆಗೆ ಯಾವ ಊರಿನ ಕೂಡುರಸ್ತೆಯಲ್ಲೂ ದಾರಿ ಹೇಳುವವರು ಎದ್ದಿರುವುದಿಲ್ಲ. ಅಂಥ ಹೊತ್ತಿನಲ್ಲಿ, ನಿದ್ದೆಗೆಟ್ಟ ತಲೆಯಲ್ಲಿ, ತಪ್ಪು ಕವಲು ಹಿಡಿದರೆ ಹತ್ತು ಕಿಲೋಮೀಟರ್ ಹೋಗಿ ಹತ್ತು ಕಿಲೋಮೀಟರ್ ವಾಪಸ್ ಬರಬೇಕು. ಇವರಿಗೆ ನಕ್ಷೆ ಬೇಕು. ಇದರಲ್ಲಿ ನನಗೆ ಸಂದೇಹವಿಲ್ಲ.

ಒಂಟಿಯಾಗಿ ತುಳಿಯುವ ಹೆಣ್ಣುಮಕ್ಕಳಿಗೂ ಬೇಕು. ಕೇಳಿಕೊಂಡು ಹೋದರೆ ಆಯಿತು ಎಂದು ಗಂಡಸರು ಸಲೀಸಾಗಿ ಹೇಳುತ್ತೇವೆ. ನಿರ್ಜನ ರಸ್ತೆಯಲ್ಲಿ ಅಪರಿಚಿತನ ಮುಂದೆ ಸೈಕಲ್ ನಿಲ್ಲಿಸಿ, ನನಗೆ ದಾರಿ ಗೊತ್ತಿಲ್ಲ, ನಾನೊಬ್ಬಳೇ ಇದ್ದೇನೆ ಎಂದು ತಿಳಿಸುವುದು ಎಲ್ಲ ಹೊತ್ತಿನಲ್ಲೂ ಕ್ಷೇಮವಲ್ಲ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಆ ಸೈಕಲ್ಲಿನಿಂದ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರು. ಅವರಲ್ಲಿ ಒಬ್ಬಳು ನಾಳೆ ಊರಾಚೆ ದೂರ ತುಳಿಯಬೇಕು ಎಂದರೆ, ನಿಲ್ಲದೆ ಸಾಗುವ ಧೈರ್ಯ ಕೊಡುವ ಸಲಕರಣೆ ಅವಳ ಹಕ್ಕು. ಅದನ್ನು ಶೋಕಿ ಎನ್ನಬಾರದು. ಕನ್ನಡ ಬಾರದೆ ಹೊರಗಿನಿಂದ ಬಂದವರಿಗೂ, ಕಿವಿ ಕೇಳದವರಿಗೂ ಇದೇ ಮಾತು ಸಲ್ಲುತ್ತದೆ.

ಉಳಿದ ನಮ್ಮಂಥವರಿಗೆ? ಜನರನ್ನು ಕೇಳಿಕೊಂಡು ಹೋದರೆ ಸಾಕು. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಸೈಕಲ್ ಹತ್ತಿ ಹೊರಟ ಪಾರ್ಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮ್‌ಗರಾ ಈ ಮೂವರು 1928ರಲ್ಲಿ ಜಗತ್ತು ಸುತ್ತಿ ವಾಪಸ್ ಬಂದರು. ಸುಮಾರು 71,000 ಕಿಲೋಮೀಟರ್. ಅವರಿಗೆ ಆಕಾಶದಿಂದ ಯಾವ ಉಪಗ್ರಹವೂ ದಾರಿ ಹೇಳಲಿಲ್ಲ. ನೆಲದ ಮೇಲಿನ ಜನ ಹೇಳಿದರು. ಇದನ್ನು ಹಳೆಯ ಕಾಲದ ಹೊಗಳಿಕೆಗಾಗಿ ಹೇಳುತ್ತಿಲ್ಲ. ಜನಕ್ಕೆ ಗೊತ್ತಿರುವ ಕೆಲವು ಸಂಗತಿಗಳು ಇವತ್ತಿಗೂ ಯಾವ ನಕ್ಷೆಯಲ್ಲೂ ಇಲ್ಲ.

ಡಿಸೆಂಬರ್, ಜನವರಿಯಲ್ಲಿ ನಮ್ಮ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಒಕ್ಕಣೆ ನಡೆಯುತ್ತದೆ. ಹುರುಳಿ ಸೊಪ್ಪಿನ ಮೇಲೆ ತೆಳು ಚಕ್ರ ಹತ್ತಿದರೆ ಜಾರುತ್ತದೆ, ಕಡ್ಡಿ ಹೋಗಿ ಚೈನಿಗೆ ಸುತ್ತಿಕೊಳ್ಳುತ್ತದೆ. ಯಾವ ರಸ್ತೆಯಲ್ಲಿ ಒಕ್ಕಣೆ ಹಾಕಿದ್ದಾರೆ ಎಂದು ಪಕ್ಕದೂರಿನವರಿಗೆ ಗೊತ್ತಿರುತ್ತದೆ. ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆ, ಯಡಿಯೂರು ಸಿದ್ಧಲಿಂಗೇಶ್ವರನ ಜಾತ್ರೆ ನಡೆಯುವಾಗ ಯಾವ ದಾರಿ ತುಂಬಿರುತ್ತದೆ ಎಂದೂ ಅವರಿಗೆ ಗೊತ್ತು. ಇನ್ನೂ ಗಂಭೀರವಾದ ಸಂಗತಿ ಇದೆ. 2019-20ರಲ್ಲಿ ಹೆಬ್ಬೂರು, ಸಿ.ಎಸ್.ಪುರದ ಸುತ್ತಿನ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಮಕ್ಕಳೂ ಬಲಿಯಾದರು. ಆ ದಿನಗಳಲ್ಲಿ ಸಂಜೆಯಾದ ಮೇಲೆ ಯಾವ ದಾರಿಯಲ್ಲಿ ಹೋಗಬಾರದು ಎಂದು ಹೇಳುತ್ತಿದ್ದವರು ಹಳ್ಳಿಯವರು. ಪರದೆಯ ಮೇಲೆ ಆ ದಾರಿ ಎಂದಿನಂತೆಯೇ ಇತ್ತು. ಆದ್ದರಿಂದ ನಕ್ಷೆ ಇದ್ದವರೂ ಟೀ ಅಂಗಡಿಯಲ್ಲಿ ಎರಡು ನಿಮಿಷ ನಿಲ್ಲಬೇಕು. ಅಣ್ಣಾ, ಮುಂದೆ ರಸ್ತೆ ಹೇಗಿದೆ, ಎಂದು ಕೇಳಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. ಪರದೆಯ ಮೇಲಿನ ಸಣ್ಣ ಅಕ್ಷರ ಓದಲು ಎರಡು ಸೆಕೆಂಡ್ ತಲೆ ತಗ್ಗಿಸಿದರೆ 14 ಮೀಟರ್ ರಸ್ತೆಯನ್ನು ನೋಡದೆ ದಾಟಿದಿರಿ. ಬಣ್ಣ ಬಳಿಯದ ಹಂಪು, ಗುಂಡಿ, ಅಡ್ಡ ಬರುವ ನಾಯಿ, ಮರಿ, ಮಗು, ಏನು ಬೇಕಾದರೂ ಆ 14 ಮೀಟರಿನಲ್ಲಿ ಇರಬಹುದು. ಓಡುವ ಸೈಕಲ್ ಮೇಲೆ ನಕ್ಷೆ ಓದಬೇಡಿ. ತಿರುವು ಬರುವ ಮುನ್ನ ಕೂಗುವಂತೆ ಉಪಕರಣವನ್ನು ಸಿದ್ಧಮಾಡಿಟ್ಟುಕೊಳ್ಳಿ. ಓದಬೇಕಾದರೆ ರಸ್ತೆಬದಿಗೆ ಇಳಿದು ನಿಂತು ಓದಿ.

ಹಣ ಉಳಿಸಬೇಕಾದವರಿಗೆ ಒಂದು ದಾರಿ ಹೇಳುತ್ತೇನೆ. ಜೇಬಿನಲ್ಲಿರುವ ಮೊಬೈಲಿನಲ್ಲೂ ಜಿಪಿಎಸ್ ಇದೆ. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ, ಸಿಮ್ ಕೂಡ ಬೇಕಿಲ್ಲ. ಹೊರಡುವ ಮೊದಲು ಜಿಲ್ಲೆಯ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡರೆ ಸಿ.ಎಸ್.ಪುರದ ತೋಟದ ನಡುವೆಯೂ ಕೆಲಸ ಮಾಡುತ್ತದೆ. ಹ್ಯಾಂಡಲ್ ಮೇಲೆ ಗೆರೆ ತೋರಿಸುವ ಕಡಿಮೆ ಬೆಲೆಯ ಉಪಕರಣ, ಜೇಬಿನಲ್ಲಿ ನಕ್ಷೆ ಇರುವ ಮೊಬೈಲು. ಹಗಲು ಸವಾರಿಗೆ ಈ ಜೋಡಿ ಸಾಕು. ಒಂದರ ಬ್ಯಾಟರಿ ಮುಗಿದರೆ ಇನ್ನೊಂದು ಇರುತ್ತದೆ. ಆದರೆ ಮೊಬೈಲಿನ ಸಾಮಾನ್ಯ ನಕ್ಷೆ ಕಾರು, ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ದಾರಿ ಹೇಳುತ್ತದೆ. ಬೇಗ ತಲುಪಿಸುವುದು ಅದರ ಗುರಿ, ಹಾಗಾಗಿ ಸೈಕಲ್ಲನ್ನು ಲಾರಿಗಳ ನಡುವೆ ಹೆದ್ದಾರಿಗೆ ತಳ್ಳುತ್ತದೆ. ಅದು ಹೇಳಿದ ದಾರಿಯನ್ನು ಹಿಂದಿನ ರಾತ್ರಿಯೇ ನೋಡಿ, ಹಳ್ಳಿ ರಸ್ತೆ ಇದ್ದರೆ ಬದಲಿಸಿಕೊಳ್ಳಿ.

ಕೊನೆಯದಾಗಿ ನನ್ನ ಬಿನ್ನಹ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಬಹುಪಾಲು ಸಡಿಲಿಸಿತು. ಇಂದು ಸಾಮಾನ್ಯ ಜನ ತಮ್ಮೂರಿನ ರಸ್ತೆಯನ್ನು ತೆರೆದ ನಕ್ಷೆಯಲ್ಲಿ ತಿದ್ದಲು ಒಂದು ಮೊಬೈಲು ಸಾಕು. ತುಮಕೂರಿನ ಕಾಲೇಜುಗಳ ಎನ್ನೆಸ್ಸೆಸ್ ವಿದ್ಯಾರ್ಥಿಗಳೇ, ಗುಬ್ಬಿ, ಕುಣಿಗಲ್ಲಿನ ಹೈಸ್ಕೂಲು ಮೇಷ್ಟ್ರುಗಳೇ, ಭಾನುವಾರ ಸೈಕಲ್ ತುಳಿಯುವ ಗೆಳೆಯರೇ, ನಿಮ್ಮ ಒಂದು ಹೋಬಳಿಯನ್ನು ಕೈಗೆತ್ತಿಕೊಳ್ಳಿ. ಐದು ಸಂಗತಿಗಳನ್ನು ಮಾತ್ರ ತುಂಬಿಸಿ. ಡಾಂಬರು ರಸ್ತೆ ಯಾವುದು, ಮಣ್ಣಿನದು ಯಾವುದು. ಮಳೆಗಾಲದಲ್ಲಿ ಮುಳುಗುವ ಸೇತುವೆ, ಕೆಳಸೇತುವೆ ಯಾವುವು. ಕುಡಿಯುವ ನೀರಿನ ಘಟಕ ಎಲ್ಲಿದೆ. ಪಂಕ್ಚರ್ ಅಂಗಡಿ ಎಲ್ಲಿದೆ. ಊರಿನ ಹೆಸರು ಕನ್ನಡದಲ್ಲಿ ಏನು. ಸೈಕಲ್ಲಿನವರಿಗೆ ಮಾತ್ರವಲ್ಲ, ಆಂಬುಲೆನ್ಸ್ ಓಡಿಸುವವರಿಗೂ ಅವರಿಂದ ಬದುಕುವವರಿಗೂ ಇದು ನೆರವಾಗುತ್ತದೆ.

ನಕ್ಷೆಯ ಉಪಕರಣ ಕೊಳ್ಳುವ ಶಕ್ತಿ ಮತ್ತು ಅಗತ್ಯ ಇದ್ದವರು ಕೊಳ್ಳಲಿ. ಇಲ್ಲದವರು ಕೊರಗಬೇಕಾಗಿಲ್ಲ. ಆದರೆ ಕೊಳ್ಳುವವರೂ ಕೊಳ್ಳದವರೂ ತಮ್ಮೂರಿನ ನಕ್ಷೆಯಲ್ಲಿ ಒಂದು ತಪ್ಪನ್ನಾದರೂ ಈ ವರ್ಷ ಸರಿಪಡಿಸಲಿ. ಅದಾಗದೆ ಎಷ್ಟು ದುಬಾರಿಯ ಪರದೆ ತಂದರೂ ಅದು ನಮ್ಮನ್ನು ಬತ್ತಿದ ಕೆರೆಯ ದಾರಿಗೇ ಕರೆದೊಯ್ಯುತ್ತದೆ.